ಅಳಿಸಿಹೋದ ಕಂತು, ಉಳಿದುಬಂದ ದನಿ



ಚರಿತ್ರೆಯ ಆಕರಗಳು ಯಾವುವು ಎಂದು ಕೇಳಿದರೆ ನೀವು ಕೂಡಲೇ ಉತ್ತರ ಕೊಡುತ್ತೀರಿ. ಶಾಸನ, ನಾಣ್ಯ, ತಾಳೆಗರಿ, ಪ್ರವಾಸಿಗರ ಬರಹ, ಸರ್ಕಾರಿ ಕಡತ. ಆದರೆ ಒಬ್ಬ ಹುಡುಗ ತನ್ನ ಮನೆಯ ಟಿ.ವಿ. ಮುಂದೆ ಮೈಕು ಇಟ್ಟು ಮಾಡಿಕೊಂಡ ಧ್ವನಿಮುದ್ರಣವೂ ಚರಿತ್ರೆಯ ಆಕರವಾಗಬಲ್ಲದೇ? ಆಗಬಲ್ಲದು ಎಂಬುದಕ್ಕೆ ಬ್ರಿಟನ್ನಿನ ಒಂದು ದೂರದರ್ಶನ ಧಾರಾವಾಹಿಯ ಕಥೆಯೇ ಸಾಕ್ಷಿ.

ಆ ಧಾರಾವಾಹಿಯ ಹೆಸರು ‘ಡಾಕ್ಟರ್ ಹೂ’. ಬಿಬಿಸಿ ಇದನ್ನು 1963ರ ನವೆಂಬರ್ 23ರಂದು ಪ್ರಾರಂಭಿಸಿತು. ‘ಡಾಕ್ಟರ್’ ಎಂದಷ್ಟೇ ಹೆಸರಿರುವ ಒಬ್ಬ ನಿಗೂಢ ವ್ಯಕ್ತಿ ಕಾಲ ಮತ್ತು ಆಕಾಶಗಳಲ್ಲಿ ಸಂಚರಿಸುವ ವೈಜ್ಞಾನಿಕ ಕಲ್ಪನೆಯ ಕಥೆ ಇದು. ಮೊದಲ 3 ವರ್ಷ ಈ ಪಾತ್ರವನ್ನು ವಿಲಿಯಂ ಹಾರ್ಟ್‌ನೆಲ್ ಎಂಬ ಹಿರಿಯ ನಟ ವಹಿಸಿದರು. 1966ರ ಹೊತ್ತಿಗೆ ಅವರ ಆರೋಗ್ಯ ಕೆಟ್ಟಿತು. ನಾಯಕನಟನೇ ಹೊರಟುಹೋದರೆ ಧಾರಾವಾಹಿಯನ್ನು ನಿಲ್ಲಿಸಬೇಕಲ್ಲವೇ? ನಿರ್ಮಾಪಕರು ಬೇರೊಂದು ದಾರಿ ಹುಡುಕಿದರು. ಡಾಕ್ಟರ್ ನಮ್ಮಂಥ ಮನುಷ್ಯನಲ್ಲ. ಆದ್ದರಿಂದ ಅವನ ದೇಹ ಸವೆದಾಗ ಅದೇ ಜೀವ ಹೊಸ ದೇಹವನ್ನು ಪಡೆಯಬಹುದು ಎಂದು ಕಥೆ ಹೆಣೆದರು. ಹೀಗೆ ಪ್ಯಾಟ್ರಿಕ್ ಟ್ರೌಟನ್ ಎರಡನೆಯ ಡಾಕ್ಟರ್ ಆದರು.

ಈ ಬದಲಾವಣೆ ನಡೆದದ್ದು ‘ದಿ ಟೆಂತ್ ಪ್ಲಾನೆಟ್’ ಎಂಬ ಕಥೆಯ 4ನೆಯ ಹಾಗೂ ಕೊನೆಯ ಕಂತಿನಲ್ಲಿ. ಅದು ಪ್ರಸಾರವಾದದ್ದು 1966ರ ಅಕ್ಟೋಬರ್ 29ರ ಶನಿವಾರ. ಕಥೆ ನಡೆಯುವುದು 20 ವರ್ಷಗಳ ಮುಂದೆ, ಅಂದರೆ 1986ರಲ್ಲಿ, ದಕ್ಷಿಣ ಧ್ರುವದಲ್ಲಿ. ಭೂಮಿಯ ಅವಳಿಯಂತಿರುವ ಒಂದು ಗ್ರಹ ಹತ್ತಿರ ಬರುತ್ತದೆ. ಅಲ್ಲಿನವರು ದೇಹದ ಅಂಗಗಳನ್ನು ಒಂದೊಂದಾಗಿ ಯಂತ್ರಗಳಿಂದ ಬದಲಿಸಿಕೊಂಡು ಕೊನೆಗೆ ಭಾವನೆಗಳನ್ನೇ ಕಳೆದುಕೊಂಡ ‘ಸೈಬರ್‌ಮನ್’ಗಳು. ಇವರನ್ನು ಕಲ್ಪಿಸಿದವರಲ್ಲಿ ಒಬ್ಬರಾದ ಕಿಟ್ ಪೆಡ್ಲರ್ ಸ್ವತಃ ವೈದ್ಯಕೀಯ ವಿಜ್ಞಾನಿ ಎಂಬುದು ಗಮನಾರ್ಹ. ಅಪಾಯ ಕಳೆದ ಮೇಲೆ ಬಳಲಿದ ಡಾಕ್ಟರ್ ತನ್ನ ನೌಕೆಯಲ್ಲಿ ಕುಸಿದು ಬೀಳುತ್ತಾನೆ. ಅವನ ಮುಖ ಬೇರೊಂದು ಮುಖವಾಗುತ್ತದೆ. ಧಾರಾವಾಹಿ ಇಷ್ಟು ದಶಕಗಳ ಕಾಲ ಬಾಳಲು ಈ ಉಪಾಯವೇ ಮುಖ್ಯ ಕಾರಣ.

ಇಷ್ಟು ಮಹತ್ವದ ಕಂತು ಭದ್ರವಾಗಿ ಇರಬೇಕೆಂದು ನೀವು ಊಹಿಸುತ್ತೀರಿ. ಆದರೆ ಬಿಬಿಸಿಯ ಬಳಿ ಆ ಕಂತು ಉಳಿಯಲಿಲ್ಲ! ಆ ಕಾಲದ ವಿಡಿಯೋ ಟೇಪು ಬಹಳ ದುಬಾರಿ. ಒಂದು ಕಾರ್ಯಕ್ರಮವನ್ನು ಅಳಿಸಿ ಅದೇ ಟೇಪಿನ ಮೇಲೆ ಇನ್ನೊಂದನ್ನು ಮುದ್ರಿಸುವುದು ವಾಡಿಕೆಯಾಗಿತ್ತು. ಕಲಾವಿದರೊಂದಿಗಿನ ಒಪ್ಪಂದದಿಂದಾಗಿ ಮರುಪ್ರಸಾರಕ್ಕೂ ಮಿತಿಯಿತ್ತು. ವರ್ಣ ಪ್ರಸಾರ ಬಂದ ಮೇಲೆ ಹಳೆಯ ಕಪ್ಪು-ಬಿಳುಪು ಕಾರ್ಯಕ್ರಮಗಳನ್ನು ಯಾರು ಕೇಳುತ್ತಾರೆ ಎಂಬ ಭಾವನೆ ಬೆಳೆಯಿತು. ವಿದೇಶಗಳಿಗೆ ಮಾರಲೆಂದು ಮಾಡಿದ್ದ ಫಿಲ್ಮ್ ಪ್ರತಿಗಳನ್ನೂ 1970ರ ದಶಕದಲ್ಲಿ ನಾಶಪಡಿಸಲಾಯಿತು. ಇದರಲ್ಲಿ ಯಾರ ದ್ವೇಷವೂ ಇರಲಿಲ್ಲ. ‘ಇದು ಮುಂದೆ ಯಾರಿಗೂ ಬೇಡ’ ಎಂಬ ಸಾಮಾನ್ಯ ಲೆಕ್ಕಾಚಾರವಿತ್ತು, ಅಷ್ಟೆ. ಚರಿತ್ರೆಯ ಎಷ್ಟೋ ಕಾಗದಗಳು ಎಲ್ಲ ದೇಶಗಳಲ್ಲೂ ಹೀಗೆಯೇ ಹಾಳಾಗಿವೆ.

ಇಲ್ಲಿ ಅಭಿಮಾನಿಗಳ ಪಾತ್ರ ಬರುತ್ತದೆ. ಆಗ ಮನೆಮನೆಗಳಲ್ಲಿ ವಿಡಿಯೋ ರೆಕಾರ್ಡರ್ ಇರಲಿಲ್ಲ. ಮೆಚ್ಚಿನ ಕಂತನ್ನು ಮತ್ತೆ ಸವಿಯಬೇಕೆಂದರೆ ಇದ್ದ ದಾರಿ ಧ್ವನಿಯ ಟೇಪ್ ರೆಕಾರ್ಡರ್ ಒಂದೇ. ಕೆಲವು ಹುಡುಗರು ಟಿ.ವಿ.ಯ ಮುಂದೆ ಮೈಕು ಇಟ್ಟು ಮುದ್ರಿಸಿಕೊಂಡರು. ಒಬ್ಬನಂತೂ ಟಿ.ವಿ.ಯಿಂದಲೇ ರೆಕಾರ್ಡರಿಗೆ ನೇರವಾಗಿ ತಂತಿ ಜೋಡಿಸಿ ಸ್ಪಷ್ಟ ಧ್ವನಿ ಪಡೆದ. ಇಂಥ ಕೆಲವೇ ಮಂದಿಯ ಹವ್ಯಾಸದಿಂದ, ಚಿತ್ರ ಕಳೆದುಹೋದ ಪ್ರತಿಯೊಂದು ಕಂತಿನ ಧ್ವನಿಯೂ ಇಂದು ಉಳಿದಿದೆ.

ಇನ್ನುಳಿದ ತುಣುಕುಗಳು ಬಂದ ದಾರಿಗಳು ಇನ್ನೂ ವಿಚಿತ್ರ. ಜಾನ್ ಕ್ಯೂರಾ ಎಂಬ ಛಾಯಾಗ್ರಾಹಕರು ಪ್ರಸಾರದ ಸಮಯದಲ್ಲೇ ಟಿ.ವಿ. ಪರದೆಯ ಫೋಟೋ ತೆಗೆದು ನಟರಿಗೂ ನಿರ್ದೇಶಕರಿಗೂ ಮಾರುತ್ತಿದ್ದರು. ಆ ಚಿತ್ರಗಳು ಉಳಿದವು. ಆಸ್ಟ್ರೇಲಿಯಾದ ಒಬ್ಬ ಅಭಿಮಾನಿ ಪುಟ್ಟ 8 ಮಿ.ಮೀ. ಕ್ಯಾಮೆರಾದಿಂದ ಪರದೆಯನ್ನೇ ಚಿತ್ರೀಕರಿಸಿದ್ದ. ಅದೇ ದೇಶದ ಸೆನ್ಸಾರ್ ಅಧಿಕಾರಿಗಳು ‘ಮಕ್ಕಳಿಗೆ ಭಯಂಕರ’ ಎಂದು ಕೆಲವು ಕಥೆಗಳಿಂದ ಕತ್ತರಿಸಿದ್ದ ತುಣುಕುಗಳು ಅಲ್ಲಿನ ದಾಖಲೆ ಭಂಡಾರದಲ್ಲಿ ಜೋಪಾನವಾಗಿದ್ದವು. 1996ರಲ್ಲಿ ಅವು ದೊರೆತವು. ಬೇಡವೆಂದು ಕತ್ತರಿಸಿದ್ದು ಉಳಿದು, ಬೇಕೆಂದು ತೋರಿಸಿದ್ದು ಅಳಿದ ವಿಪರ್ಯಾಸವನ್ನು ನೋಡಿ! ನಮ್ಮ ಕಥೆಯ ಮುಖ ಬದಲಾಗುವ ದೃಶ್ಯವೂ ಹೀಗೆ ಆಕಸ್ಮಿಕವಾಗಿ ಉಳಿಯಿತು. 1973ರಲ್ಲಿ ‘ಬ್ಲೂ ಪೀಟರ್’ ಎಂಬ ಮಕ್ಕಳ ಕಾರ್ಯಕ್ರಮ ಆ ತುಣುಕನ್ನು ಬಳಸಿಕೊಂಡಿತ್ತು. 2013ರಲ್ಲಿ ಅಭಿಮಾನಿಗಳ ಧ್ವನಿಮುದ್ರಣಕ್ಕೆ ಚಲಿಸುವ ರೇಖಾಚಿತ್ರಗಳನ್ನು ಹೊಂದಿಸಿ ಈ ಕಂತನ್ನು ಮರಳಿ ರೂಪಿಸಲಾಯಿತು.

ಸಂಗ್ರಹದಷ್ಟೇ ಮುಖ್ಯವಾದದ್ದು ಅಭಿಮಾನಿಗಳ ಸೂಕ್ಷ್ಮ ಅವಲೋಕನ. ಒಂದು ಉದಾಹರಣೆ ನೋಡಿ. ಡಾಕ್ಟರನ ರೂಪಾಂತರಕ್ಕೆ ಇಂದು ಎಲ್ಲರೂ ‘ರೀಜನರೇಷನ್’ ಎನ್ನುತ್ತಾರೆ. ಆದರೆ 1966ರ ಕಂತಿನ ಧ್ವನಿಯನ್ನು ಗಮನವಿಟ್ಟು ಕೇಳಿದವರು ಅಲ್ಲಿ ಆ ಪದವೇ ಇಲ್ಲವೆಂದು ತೋರಿಸಿದರು. ಅದು ಧಾರಾವಾಹಿಯಲ್ಲಿ ಈ ಅರ್ಥದಲ್ಲಿ ಬಳಕೆಗೆ ಬಂದದ್ದು 1974ರಲ್ಲಿ. ಇದು ಚಿಕ್ಕ ವಿಷಯವೆಂದು ತೋರಬಹುದು. ಆದರೆ ಚರಿತ್ರೆಯ ವಿದ್ಯಾರ್ಥಿಗೆ ಇದು ದೊಡ್ಡ ಪಾಠ. 1914ರಲ್ಲಿ ಯುದ್ಧಕ್ಕೆ ಹೊರಟ ಸೈನಿಕನು ತಾನು ‘ಮೊದಲನೆಯ’ ಮಹಾಯುದ್ಧಕ್ಕೆ ಹೊರಟಿದ್ದೇನೆಂದು ತಿಳಿದಿರಲಿಲ್ಲ; ಎರಡನೆಯದು ಬರುವುದು ಅವನಿಗೆ ಹೇಗೆ ಗೊತ್ತು? ನಂತರದ ಕಾಲದ ಹೆಸರನ್ನು ಹಿಂದಿನ ಕಾಲದವರ ಬಾಯಿಗೆ ತುರುಕಬಾರದು.

ಹಾಗೆಂದು ಅಭಿಮಾನಿಗಳ ಮಾತೆಲ್ಲ ವೇದವಾಕ್ಯವಲ್ಲ. ‘ದಿ ಟೂಂಬ್ ಆಫ್ ದಿ ಸೈಬರ್‌ಮೆನ್’ ಎಂಬ 1967ರ ಕಥೆಯೂ ಕಳೆದುಹೋಗಿತ್ತು. ಬಾಲ್ಯದಲ್ಲಿ ಅದನ್ನು ಕಂಡವರು ಅದಕ್ಕೆ ಸಮನಾದುದು ಮತ್ತೊಂದಿಲ್ಲವೆಂದು ಹೊಗಳುತ್ತಿದ್ದರು. 1992ರಲ್ಲಿ ಹಾಂಗ್‌ಕಾಂಗ್‌ನಿಂದ ಅದರ ಫಿಲ್ಮ್ ಮರಳಿ ಬಂದಾಗ ಕೆಲವರು ಸಂತೋಷಪಟ್ಟರು, ಕೆಲವರಿಗೆ ತಮ್ಮ ನೆನಪೇ ಹೆಚ್ಚು ಭವ್ಯವಾಗಿತ್ತೆಂದು ಅನಿಸಿತು. ಟೇಪು ಕೇಳಿದ್ದನ್ನಷ್ಟೇ ಹೇಳುತ್ತದೆ; ನೆನಪು ತನ್ನ ಕಡೆಯಿಂದಲೂ ಒಂದಿಷ್ಟು ಸೇರಿಸುತ್ತದೆ. ಆದ್ದರಿಂದ ನೆನಪನ್ನು ಗೌರವಿಸಬೇಕು, ಜೊತೆಗೆ ಇತರ ಆಕರಗಳೊಡನೆ ಹೋಲಿಸಿ ನೋಡಲೂಬೇಕು.

2013ರಲ್ಲಿ ನೈಜೀರಿಯಾದ ಜೋಸ್ ನಗರದಲ್ಲಿ ಕಳೆದುಹೋದ 9 ಕಂತುಗಳು ಸಿಕ್ಕವೆಂದು ಪ್ರಕಟವಾಯಿತು. ಆಗಲೂ ಮೊದಲ 6 ವರ್ಷಗಳ 253 ಕಂತುಗಳಲ್ಲಿ 97 ಬಾಕಿ ಉಳಿದಿದ್ದವು. ಅವನ್ನು ಅಳಿಸಿದವರು ದಡ್ಡರಲ್ಲ. ನಾಳೆಯವರಿಗೆ ಏನು ಬೇಕೆಂದು ಇಂದಿನವರು ಪೂರ್ಣವಾಗಿ ಅರಿಯಲಾರರು. ಒಂದು ಕಡೆ ಬೇಡವಾದದ್ದು ಇನ್ನೊಂದು ಕಡೆ ಉಳಿಯಬೇಕಾದರೆ, ಹಲವು ಕೈಗಳು ಹಲವು ರೀತಿಯಲ್ಲಿ ಕೂಡಿಡಬೇಕು.

ಮಿತ್ರರೇ, ನಿಮ್ಮ ಮನೆಯ ಅಟ್ಟದ ಮೇಲೋ ಹಳೆಯ ಟ್ರಂಕಿನಲ್ಲೋ ಧೂಳು ಹಿಡಿದ ಕ್ಯಾಸೆಟ್ಟುಗಳಿರಬಹುದು. ಅಜ್ಜಿಯ ಹಾಡು, ಊರ ಜಾತ್ರೆಯ ಬಯಲಾಟ, ರೇಡಿಯೋ ನಾಟಕ ಅವುಗಳಲ್ಲಿ ಇರಬಹುದು. ಎಸೆಯುವ ಮುನ್ನ ಒಮ್ಮೆ ಕೇಳಿ. ಯಾರು, ಎಂದು, ಎಲ್ಲಿ ಮುದ್ರಿಸಿದರೆಂದು ಹಿರಿಯರನ್ನು ವಿಚಾರಿಸಿ ಒಂದು ಚೀಟಿಯಲ್ಲಿ ಬರೆದು ಅಂಟಿಸಿ. ಬೇರೆಲ್ಲೂ ಇಲ್ಲದ ಒಂದು ದನಿ ನಿಮ್ಮ ಕೈಯಲ್ಲೇ ಇದ್ದೀತು.