ಮೂಲ ಬಣ್ಣದ ಹುಡುಕಾಟ

1988ರಲ್ಲಿ ಅಮೆರಿಕದ ನಿರ್ದೇಶಕ ಜಾರ್ಜ್ ಲೂಕಸ್ ಅಲ್ಲಿನ ಸಂಸತ್ತಿನ ಮುಂದೆ ಹಾಜರಾಗಿ, ಹಳೆಯ ಕಪ್ಪು-ಬಿಳುಪು ಚಿತ್ರಗಳಿಗೆ ಬಣ್ಣ ಬಳಿಯುವುದನ್ನು ಕಟುವಾಗಿ ವಿರೋಧಿಸಿದರು. ಅದೇ ಲೂಕಸ್ 1997ರಲ್ಲಿ, 1977ರ ತಮ್ಮ ‘ಸ್ಟಾರ್ ವಾರ್ಸ್’ ಚಿತ್ರಕ್ಕೆ ಕಂಪ್ಯೂಟರಿನ ಹೊಸ ದೃಶ್ಯಗಳನ್ನು ಸೇರಿಸಿದರು. ಮನೆಯಲ್ಲಿ ನೋಡಲೆಂದು ಬಂದ ಡಿವಿಡಿ (2004), ಬ್ಲೂ-ರೇ (2011) ಎರಡರಲ್ಲೂ ತಿದ್ದುಪಡಿ ಮುಂದುವರಿಯಿತು, ಬಣ್ಣಗಳೂ ಬದಲಾದವು. ಮೂಲರೂಪ 2006ರಲ್ಲಿ ಡಿವಿಡಿಯ ಅನುಬಂಧವಾಗಿ ದೊರೆಯಿತಾದರೂ, ಅದು 1993ರ ಲೇಸರ್ ಡಿಸ್ಕಿಗಾಗಿ ತಯಾರಿಸಿದ್ದ ಮಸುಕು ಪ್ರತಿ.

ಕೃತಿ ಕರ್ತೃವಿನದು, ನಿಜ. ಲಕ್ಷಾಂತರ ಜನ ಕಂಡ ಮೇಲೆ ಅದು ಚರಿತ್ರೆಯೂ ಹೌದಲ್ಲವೆ? ನಮ್ಮ ‘ಕಸ್ತೂರಿ ನಿವಾಸ’ (1971) 2014ರಲ್ಲಿ ಬಣ್ಣ ತೊಟ್ಟು ಬಂದಿತು. ಹಾಗೆಂದು ಕಪ್ಪು-ಬಿಳುಪಿನದನ್ನು ಯಾರೂ ಬಚ್ಚಿಡಲಿಲ್ಲ.

ಅಭಿಮಾನಿಗಳು ತಾವೇ ಕೆಲಸಕ್ಕಿಳಿದರು. ಮೂಲ ಬಣ್ಣ ಇಂಥದೇ ಎಂದು ತಿಳಿಯುವುದು ಹೇಗೆ? ಅಂದಿನ ಸಾಮಾನ್ಯ ಪ್ರತಿಗಳಲ್ಲಿ ನೀಲಿಛಾಯೆ ಮಾಸಿ, ಚಿತ್ರವೆಲ್ಲ ಕುಂಕುಮ ಎರಚಿದಂತೆ ಕೆಂಪಾಗಿರುತ್ತದೆ. ಟೆಕ್ನಿಕಲರ್ ಕ್ರಮದ ಪ್ರತಿಗಳು ಮಾತ್ರ ಅಷ್ಟಾಗಿ ಮಾಸುವುದಿಲ್ಲ. ಬಟ್ಟೆಗೆ ಅಚ್ಚೊತ್ತುವಂತೆ ಮೂರು ಬಣ್ಣಗಳನ್ನು ಒಂದರ ಮೇಲೊಂದು ಒತ್ತಿದಂಥವು ಅವು. ಅಂಥದೊಂದು 35 ಮಿ.ಮೀ. ಪ್ರತಿಯನ್ನು ಸಂಪಾದಿಸಿ, ಚೌಕಟ್ಟು ಚೌಕಟ್ಟಾಗಿ ಸ್ಕ್ಯಾನ್ ಮಾಡಿ, ಧೂಳು-ಗೀರು ತೆಗೆದು, ಬಹುಪಾಲು ಅದರಿಂದಲೇ 2018ರಲ್ಲಿ ‘4ಕೆ77’ ರೂಪಿಸಿದರು. ಹಕ್ಕುದಾರರ ಒಪ್ಪಿಗೆ ಇದಕ್ಕಿಲ್ಲ. ಮಾರಾಟದ ಸರಕಂತೂ ಅಲ್ಲ.

2025ರ ಜೂನ್ ತಿಂಗಳಲ್ಲಿ ಲಂಡನ್ನಿನ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ 1977ರ ಟೆಕ್ನಿಕಲರ್ ಪ್ರತಿಯೊಂದನ್ನೇ ಹೊರತೆಗೆದು ಸಾರ್ವಜನಿಕರಿಗೆ ತೋರಿಸಿತು.