ಕ್ಯಾನ್ಸರ್ ಬಂದ ಮೇಲೆ ಸಿಗರೇಟ್ ಬಿಟ್ಟರೆ ಉಪಯೋಗ ಇದೆಯಾ?

ಇಲ್ಲಿ ಪುಣೆಯ ವಿಮಾನ ನಗರದಲ್ಲಿ ಆಫೀಸಿನಿಂದ ಚಹಾ ಟಪರಿಗೆ ಬಂದರೆ ಕನ್ನಡ ಕಿವಿಗೆ ಬೀಳುತ್ತೆ, ಜೊತೆಗೆ ಹೊಗೆಯೂ ಇರುತ್ತೆ. ಊರಲ್ಲಿ ಯಾರಿಗೋ ಕ್ಯಾನ್ಸರ್ ಅಂತ ಸುದ್ದಿ ಬಂದರೆ ಒಂದು ಮಾತು ಖಾಯಂ: "ಬರೋದು ಬಂದಾತು, ಇನ್ನ ಬಿಟ್ಟು ಏನ್ ಮಾಡೋದೈತಿ? ಸೇದ್ಲಿ ಬಿಡ್ರಿ." ಇದು ಕರುಣೆಯ ಮಾತೇ. ಆದರೆ ನಿಜವಾ?

ಶ್ವಾಸಕೋಶದ ಕ್ಯಾನ್ಸರಿಗೂ ಸಿಗರೇಟಿಗೂ ಇರುವ ನಂಟನ್ನು 1950ರಲ್ಲಿ ರಿಚರ್ಡ್ ಡಾಲ್ ಮತ್ತು ಬ್ರ್ಯಾಡ್‌ಫರ್ಡ್ ಹಿಲ್ ಲಂಡನ್ನಿನ 20 ಆಸ್ಪತ್ರೆಗಳ ರೋಗಿಗಳನ್ನು ವಿಚಾರಿಸಿ ತೋರಿಸಿದರು. ಸ್ವತಃ ಸೇದುತ್ತಿದ್ದ ಡಾಲ್, ತಮ್ಮದೇ ಲೆಕ್ಕ ನೋಡಿ ಬಿಟ್ಟುಬಿಟ್ಟರು. ಆಮೇಲೆ ದಶಕಗಟ್ಟಲೆ ಎಲ್ಲರ ಗಮನ ರೋಗ ಬರದಂತೆ ತಡೆಯುವುದರ ಮೇಲೇ ಇತ್ತು. ರೋಗ ಬಂದವರು ಬಿಟ್ಟರೆ ಏನಾಗುತ್ತೆ ಅನ್ನೋ ಪ್ರಶ್ನೆ ಹಿಂದೆ ಉಳಿಯಿತು.

ನಮ್ಮಲ್ಲಿ 2002ರಲ್ಲಿ ತಂಬಾಕು ಬಿಡಿಸುವ 13 ಕ್ಲಿನಿಕ್‌ಗಳು ಶುರುವಾದಾಗ ಬೆಂಗಳೂರಿನ ನಿಮ್ಹಾನ್ಸ್ ಕೂಡ ಪಟ್ಟಿಯಲ್ಲಿತ್ತು. 2014ರಲ್ಲಿ ಅಮೆರಿಕದ ಸರ್ಜನ್ ಜನರಲ್ ವರದಿ, ಕ್ಯಾನ್ಸರ್ ರೋಗಿಗಳು ಸೇದುವುದನ್ನು ಮುಂದುವರಿಸಿದರೆ ಸಾವಿನ ಅಪಾಯ ಹೆಚ್ಚುತ್ತೆ ಎಂದು ಸ್ಪಷ್ಟವಾಗಿ ಹೇಳಿತು.

2021ರಲ್ಲಿ ಇನ್ನೂ ನೇರವಾದ ಲೆಕ್ಕ ಬಂತು. ಮಾಸ್ಕೋದಲ್ಲಿ, ಸೇದುತ್ತಿದ್ದ 517 ಶ್ವಾಸಕೋಶ ಕ್ಯಾನ್ಸರ್ ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿದ್ದರು. ಎಲ್ಲರದೂ ರೋಗ ದೂರದ ಅಂಗಗಳಿಗೆ ಹರಡುವ ಮುಂಚಿನ ಹಂತ. ಬಿಟ್ಟವರ ಮೀಡಿಯನ್ ಆಯಸ್ಸು 6.6 ವರ್ಷ, ಬಿಡದವರದು 4.8. ಅಂದರೆ ಸುಮಾರು 22 ತಿಂಗಳ ವ್ಯತ್ಯಾಸ. ಜಾಸ್ತಿ ಸೇದುತ್ತಿದ್ದವರಲ್ಲೂ ಲಾಭ ಕಂಡಿತು.

ಡೇಟಾ ನೋಡುವವರು ಕೇಳಬಹುದು: ಗಟ್ಟಿಮುಟ್ಟಾಗಿದ್ದವರೇ ಬಿಟ್ಟಿರಬಹುದಲ್ಲ? ನ್ಯಾಯವಾದ ಪ್ರಶ್ನೆ. ರೋಗಿಗಳಿಗೆ ಚೀಟಿ ಎತ್ತಿ "ನೀನು ಸೇದು" ಅನ್ನೋಕಾಗಲ್ಲ, ಹಾಗಾಗಿ ಆ ಅನುಮಾನ ಪೂರ್ತಿ ಹೋಗಲ್ಲ. ಆದರೆ ಕಾರಣಗಳೂ ಗೊತ್ತಿವೆ. ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡ್ ರಕ್ತದ ಆಮ್ಲಜನಕ ಕಡಿಮೆ ಮಾಡುತ್ತೆ, ಆಪರೇಷನ್ ಗಾಯ ನಿಧಾನವಾಗಿ ಮಾಯುತ್ತೆ, ಎರಡನೇ ಕ್ಯಾನ್ಸರಿನ ಅಪಾಯ ಏರುತ್ತೆ. ಎರ್ಲೋಟಿನಿಬ್‌ನಂಥ ಮಾತ್ರೆಯನ್ನು ಸೇದುವವರ ದೇಹ ಬೇಗ ಹೊರಹಾಕುತ್ತೆ.

ನನ್ನ ಸೋದರಮಾವನಿಗೆ ಕ್ಯಾನ್ಸರ್ ಅಂತ ಗೊತ್ತಾದಾಗ ಮನೆಯಲ್ಲಿ ಯಾರೂ ಬೀಡಿ ಕಿತ್ತುಕೊಳ್ಳಲಿಲ್ಲ, ನೋಯಿಸಬಾರದು ಅಂತ. ಇಂಥ ಮನೆಗಳಿಗೆ ಆ 22 ತಿಂಗಳ ಲೆಕ್ಕ ತಲುಪಬೇಕು.

ಊರಲ್ಲಿ ಯಾರಾದರೂ ಈ ಸ್ಥಿತಿಯಲ್ಲಿದ್ದರೆ ಬೈಯಬೇಡಿ. ನಿಕೋಟಿನ್ ಚಟ ಬೈಗುಳಕ್ಕೆ ಬಗ್ಗಲ್ಲ. ಬಿಡಲು ಸಹಾಯ ಬೇಕು ಅಂತ ಅವರ ಡಾಕ್ಟರನ್ನೇ ಕೇಳಿ. ಸಿಗರೇಟ್ ಪ್ಯಾಕಿನ ಮೇಲೆ ಅಚ್ಚಾಗಿರುವ ಉಚಿತ ಸಹಾಯವಾಣಿ 1800-11-2356ಕ್ಕೆ ಅವರ ಜೊತೆ ಕೂತು ಫೋನ್ ಮಾಡಿ.