ಬಳ್ಳಾರಿ ಸೀಮೆಯ ಮೂರು ಪುಸ್ತಕಗಳು: ಕನ್ನಡದ ಸಲಿಂಗ ಸಾಹಿತ್ಯ ಕುರಿತ ಟಿಪ್ಪಣಿ

ಬೆಂಗಳೂರಿಗೆ ಸಂಬಂಧಿಸಿದ ಸಲಿಂಗ ಪ್ರೇಮದ ಪುಸ್ತಕಗಳ ಪಟ್ಟಿ ಮಾಡಲು ಕೂತರೆ ಒಂದು ವ್ಯತ್ಯಾಸ ಬೇಗ ಕಣ್ಣಿಗೆ ಬೀಳುತ್ತದೆ. ಇಂಗ್ಲಿಷಿನಲ್ಲಿ ಬಂದವು ಬಹುಪಾಲು ಕಾನೂನು, ವರದಿ, ವಾದ. ಕನ್ನಡದಲ್ಲಿ ಹೆಸರಾದವು ಕಥೆ ಮತ್ತು ಆತ್ಮಕಥೆ. ಇಷ್ಟನ್ನು ಯಾರಾದರೂ ಹೇಳಬಹುದು. ಆದರೆ ಪಟ್ಟಿಗೆ ‘ಲೇಖಕರ ಊರು’ ಎಂಬ ಇನ್ನೊಂದು ಕಾಲಂ ಸೇರಿಸಿದರೆ ಬೇರೊಂದು ಸಂಗತಿ ಎದ್ದು ಕಾಣುತ್ತದೆ. ‘ಮೋಹನಸ್ವಾಮಿ’ ಬರೆದ ವಸುಧೇಂದ್ರ ಸಂಡೂರಿನವರು. ‘ನೀಲಕುರಿಂಜಿ’ಯ ದಾದಾಪೀರ್ ಜೈಮನ್ ಹಗರಿಬೊಮ್ಮನಹಳ್ಳಿಯವರು. ‘ನಡುವೆ ಸುಳಿವ ಹೆಣ್ಣು’ ಆತ್ಮಕಥನದ ಮಂಜಮ್ಮ ಜೋಗತಿ ಹುಟ್ಟಿದ್ದು ಬಳ್ಳಾರಿ ಸೀಮೆಯಲ್ಲೇ, ಕಲೆಗಾಗಿ ನೆಲೆ ನಿಂತದ್ದು ಮರಿಯಮ್ಮನಹಳ್ಳಿಯಲ್ಲಿ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಗುವ ತನಕ ಇವೆಲ್ಲ ಒಂದೇ ಜಿಲ್ಲೆಯ ಊರುಗಳು. ಕಾಕತಾಳೀಯ ಎಂದು ಬದಿಗಿಡಬಹುದು. ಇಡಬಾರದು ಎಂಬುದೇ ಈ ಟಿಪ್ಪಣಿಯ ವಾದ.

ಮೊದಲು ಬೆಂಗಳೂರಿನ ಪಾಲು ಏನೆಂದು ನೋಡೋಣ. ಈ ನಗರದಲ್ಲಿ ಹುಟ್ಟಿದ ಲೇಖಕಿಯೊಬ್ಬರಿಂದ ಬಂದ ಮೊದಮೊದಲ ಪುಸ್ತಕ 1977ರದು: ಗಣಿತದ ಚಮತ್ಕಾರಕ್ಕೆ ಜಗತ್ತೇ ತಲೆದೂಗಿದ ಶಕುಂತಲಾ ದೇವಿಯವರ ‘ದಿ ವರ್ಲ್ಡ್ ಆಫ್ ಹೋಮೋಸೆಕ್ಷುಯಲ್ಸ್’. ಅದರಲ್ಲಿ ಭಾರತದ ಇಬ್ಬರು ಯುವಕರ ಸಂದರ್ಶನವಿದೆ, ಕೆನಡಾದಲ್ಲಿ ಕಾನೂನುಬದ್ಧವಾಗಿ ಮದುವೆಯಾಗಲು ಹೊರಟ ಗಂಡು ಜೋಡಿಯಿದೆ, ತನ್ನ ಅಭಿಪ್ರಾಯ ಹೇಳುವ ದೇವಸ್ಥಾನದ ಅರ್ಚಕರೊಬ್ಬರಿದ್ದಾರೆ. ಸಲಿಂಗ ಪ್ರೇಮವನ್ನು ಅಪರಾಧವೆನ್ನುವ ಕಾನೂನು ಹೋಗಬೇಕು, ಸಹಿಸಿಕೊಂಡರೆ ಸಾಲದು, ಪೂರ್ತಿ ಒಪ್ಪಿಕೊಳ್ಳಬೇಕು ಎಂಬುದು ಅದರ ಕೊನೆಯ ಮಾತಿನ ಸಾರ. ಆ ಕಾಲಕ್ಕೆ ಇದು ಎದೆಗಾರಿಕೆಯ ಬರಹ. ಆದರೂ ಲೇಖಕಿಯ ಹೆಸರು ಕೇಳಿದೊಡನೆ ನಮಗೆ ನೆನಪಾಗುವುದು ಗುಣಾಕಾರ, ಜಾತಕ ಮತ್ತು ಒಗಟಿನ ಪುಸ್ತಕಗಳೇ.

ಎರಡನೆಯ ಹಂತ ಶುರುವಾಗುವುದು 1999ರಲ್ಲಿ, ಸಂಗಮ ಸಂಸ್ಥೆಯಿಂದ. ಅದು ಮೊದಲು ಹುಟ್ಟಿಕೊಂಡದ್ದು ಲೈಂಗಿಕತೆಯ ಬಗೆಗಿನ ಮಾಹಿತಿ, ಪತ್ರಿಕಾ ತುಣುಕು, ಪುಸ್ತಕಗಳನ್ನು ಒಂದೆಡೆ ಕೂಡಿಡುವ ದಾಖಲಾತಿ ಕೇಂದ್ರವಾಗಿ. ಬೀದಿ ಹೋರಾಟ ಆಮೇಲಿನದು. ಮುಂದೆ ಹಲವು ವರ್ಷ ಅದರ ಕಚೇರಿ ಇದ್ದದ್ದು ಆರ್.ಟಿ. ನಗರಕ್ಕೆ ಅಂಟಿಕೊಂಡ ಜೆ.ಸಿ. ನಗರದಲ್ಲಿ. 2001ರಲ್ಲಿ ನಾಗರಿಕ ಹಕ್ಕುಗಳ ಸಂಘಟನೆಯಾದ ಪಿಯುಸಿಎಲ್‌ನ ಕರ್ನಾಟಕ ಘಟಕ ಬೆಂಗಳೂರಿನ ಲೈಂಗಿಕ ಅಲ್ಪಸಂಖ್ಯಾತರ ಮೇಲಿನ ದೌರ್ಜನ್ಯದ ವರದಿ ತಂದಿತು. 2003ರಲ್ಲಿ ಹಿಜ್ರಾ ಮತ್ತು ಕೋಥಿಗಳ (ಹೆಣ್ಣಿನ ನಡೆನುಡಿಯ ಗಂಡುಗಳ) ಬಗ್ಗೆ ಇನ್ನೊಂದು ಬಂತು. 2004ರಲ್ಲಿ ಅರವಿಂದ ನಾರಾಯಣ್ ಅವರ ‘ಕ್ವೀರ್’, ಮರುವರ್ಷ ಅವರೇ ಗೌತಮ್ ಭಾನ್ ಜತೆ ಸಂಪಾದಿಸಿದ ‘ಬಿಕಾಸ್ ಐ ಹ್ಯಾವ್ ಎ ವಾಯ್ಸ್’. ಪೊಲೀಸ್ ಠಾಣೆ, ಮನೆ, ಆಸ್ಪತ್ರೆ, ಕೋರ್ಟು: ಈ ಬರಹಗಳ ಭೂಗೋಳ ಅದು. ಹೇಳಿಕೆ ಕೊಟ್ಟವರಲ್ಲಿ ಬಹಳ ಮಂದಿ ಮಾತಾಡಿದ್ದು ಇಲ್ಲಿನ ಭಾಷೆಗಳಲ್ಲಾದರೂ ಅಚ್ಚಾದದ್ದು ಇಂಗ್ಲಿಷಿನಲ್ಲಿ. ನ್ಯಾಯಾಧೀಶರು ಓದಬೇಕಿತ್ತಲ್ಲ!

ಸಂಗಮದ ದಾಖಲಾತಿ ಕೋಣೆಯಿಂದ ಕನ್ನಡಕ್ಕೆ ದಾಟಿದ ಪುಸ್ತಕವೆಂದರೆ ಎ. ರೇವತಿಯವರದು. ನಾಮಕ್ಕಲ್ ಕಡೆಯ ರೇವತಿ ಸಂಗಮದಲ್ಲಿ ಕೆಲಸ ಮಾಡುತ್ತಲೇ ಬರಹಗಾರ್ತಿಯಾದವರು. ತಮಿಳಿನಲ್ಲಿ ಬರೆದ ಅವರ ಆತ್ಮಕಥೆ ವಿ. ಗೀತಾ ಅವರ ಅನುವಾದದಲ್ಲಿ 2010ರಲ್ಲಿ ಮೊದಲು ಇಂಗ್ಲಿಷಿಗೆ ಬಂತು. ಕನ್ನಡಕ್ಕೆ ದು. ಸರಸ್ವತಿಯವರು ‘ಬದುಕು ಬಯಲು’ ಎಂದು ತಂದರು. ಹೆಗ್ಗೋಡಿನ ಜನಮನದಾಟ ತಂಡ ಎಂ. ಗಣೇಶ್ ಅವರ ನಿರ್ದೇಶನದಲ್ಲಿ ಅದನ್ನು ರಂಗಕ್ಕೆ ಏರಿಸಿ ಊರೂರು ತಿರುಗಿತು. ಪುಸ್ತಕ ತಲುಪದ ಕಡೆಗೆ ನಾಟಕ ತಲುಪಿತು. ಇದು ಹಿಜ್ರಾ ಬದುಕಿನ ಕಥೆ, ಸಲಿಂಗಿಯ ಕಥೆಯಲ್ಲ. ಎರಡನ್ನೂ ಒಂದೇ ಚೀಲಕ್ಕೆ ತುಂಬುವುದು ನಮ್ಮ ವಿಮರ್ಶೆಯ ಹಳೆಯ ಸೋಮಾರಿತನ. ಆದರೂ ಮುಂದಿನ ಕನ್ನಡ ಪುಸ್ತಕಗಳಿಗೆ ಓದುಗರನ್ನು ಹದ ಮಾಡಿದ್ದು ಇದೇ ಎನ್ನಬೇಕು.

ಈಗ ಬಳ್ಳಾರಿಯ ದಾರಿ ಹಿಡಿಯೋಣ. ಹುಬ್ಬಳ್ಳಿಯಿಂದ ಹೊಸಪೇಟೆ, ಬಳ್ಳಾರಿ, ಗುಂತಕಲ್ಲು, ಧರ್ಮಾವರ ಸುತ್ತಿ ಬರುವ ಹಂಪಿ ಎಕ್ಸ್‌ಪ್ರೆಸ್ ಬೆಂಗಳೂರು ಸೇರುವುದು ಯಲಹಂಕದ ಮೇಲೆ. ಆ ಸೀಮೆಯ ಹುಡುಗರಿಗೆ ಕಾಣುವ ಮೊದಲ ಬೆಂಗಳೂರು ಮೆಜೆಸ್ಟಿಕ್ ಅಲ್ಲ, ಉತ್ತರದ ಈ ಅಂಚು. 1969ರಲ್ಲಿ ಹುಟ್ಟಿದ ವಸುಧೇಂದ್ರ ಸುರತ್ಕಲ್ಲಿನಲ್ಲಿ ಇಂಜಿನಿಯರಿಂಗ್ ಮುಗಿಸಿ ಮುಂದೆ ಓದಿದ್ದು ಯಶವಂತಪುರದ ಮಗ್ಗುಲಲ್ಲಿರುವ ಐಐಎಸ್ಸಿಯಲ್ಲಿ. ಆಮೇಲೆ ಬಹುಕಾಲ ಸಾಫ್ಟ್‌ವೇರ್ ಕೆಲಸ, ಜತೆಗೆ ‘ಛಂದ ಪುಸ್ತಕ’ ಪ್ರಕಾಶನ.

ಮೋಹನಸ್ವಾಮಿಯ ಮೊದಲ ಕಥೆ ಬಂದದ್ದು 2009ರಲ್ಲಿ, ವಿವೇಕ ಶಾನಭಾಗರ ‘ದೇಶ ಕಾಲ’ ಪತ್ರಿಕೆಯಲ್ಲಿ. ಕಥೆಗಾರನ ಹೆಸರು: ಷಣ್ಮುಖ ಎಸ್. ಅಷ್ಟು ಹೊತ್ತಿಗಾಗಲೇ ಕಥೆ, ಪ್ರಬಂಧಗಳಿಂದ ಮನೆಮಾತಾಗಿದ್ದ ಲೇಖಕ ಹೊಸ ಹುಡುಗನ ವೇಷದಲ್ಲಿ ಬಂದಿದ್ದರು. ಅದೇ ವರ್ಷ ಜುಲೈ 2ರಂದು ದೆಹಲಿ ಹೈಕೋರ್ಟ್ ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮಿನ ಹಲ್ಲು ಕಿತ್ತಿತ್ತು. 2013ರಲ್ಲಿ ಕಥೆಗಳೆಲ್ಲ ಒಟ್ಟಾಗಿ ‘ಮೋಹನಸ್ವಾಮಿ’ ಸಂಕಲನವಾದಾಗ ಮುಖಪುಟದ ಮೇಲೆ ವಸುಧೇಂದ್ರರ ಸ್ವಂತ ಹೆಸರೇ ಇತ್ತು. ಅದೇ ವರ್ಷದ ಡಿಸೆಂಬರ್ 11ಕ್ಕೆ ಸುಪ್ರೀಂ ಕೋರ್ಟ್ ಹೈಕೋರ್ಟಿನ ತೀರ್ಪನ್ನು ತಳ್ಳಿಹಾಕಿತು. ಗುಪ್ತನಾಮದಿಂದ ನಿಜನಾಮಕ್ಕೆ ಬಂದ ನಡಿಗೆ ಹೆಚ್ಚುಕಡಿಮೆ ಆ ನಾಲ್ಕು ವರ್ಷದ ಬಿಡುವಿನೊಳಗೇ ನಡೆಯಿತು ಎಂಬುದನ್ನು ಸಾಹಿತ್ಯ ಚರಿತ್ರೆಕಾರರು ಗುರುತು ಹಾಕಿಕೊಳ್ಳಬೇಕು. ಇನ್ನೊಂದು ಅಂಶವೂ ಇದೆ. ಸ್ವಂತ ಪ್ರಕಾಶನ ಇದ್ದವನಿಗೆ ಯಾವ ಪ್ರಕಾಶಕನ ಹುಬ್ಬು ಗಂಟಿಕ್ಕುವುದನ್ನೂ ನೋಡಬೇಕಾಗಿಲ್ಲ.

ಕಥೆಗಳೊಳಗೆ ಇಣುಕಿದರೆ ಕಾನೂನಿನ ಸುಳಿವು ಕಡಿಮೆ. ಮೋಹನಸ್ವಾಮಿಯ ಜತೆಗಾರ ಕಾರ್ತಿಕ್ ಹೆಣ್ಣೊಬ್ಬಳನ್ನು ಮದುವೆಯಾಗಲು ಹೊರಡುತ್ತಾನೆ. ಇವನ ಸಂಕಟಕ್ಕೆ ಹೇಳಿಕೊಳ್ಳಲು ಒಂದು ಸಂಬಂಧದ ಹೆಸರೂ ಇಲ್ಲ. ಗಂಡ ಬಿಟ್ಟುಹೋದರೆ ಅಳುವವರ ಜತೆ ಊರು ಕೂತು ಅಳುತ್ತದೆ. ಇವನಿಗೆ ಆ ಅನುಕೂಲವಿಲ್ಲ. ಬಾಲ್ಯದ ಊರಿನಲ್ಲಿ ಕೇಳಿದ ಬೈಗುಳಗಳು ನಗರದ ಫ್ಲ್ಯಾಟಿಗೂ ಹಿಂಬಾಲಿಸಿ ಬರುತ್ತವೆ. ಇನ್ನೊಂದು ಕಥೆಯಲ್ಲಿ ಅವನು ಕಿಲಿಮಂಜಾರೋ ಹತ್ತುತ್ತಾನೆ. ಆ ಶಿಖರದ ಸಂಕೇತ ನನಗೆ ತುಸು ಢಾಳಾಗಿ ಕಾಣುತ್ತದೆ. ಊರಿನ ಕಥೆಗಳೇ ಗಟ್ಟಿ. ವರದಿಗಳು ಠಾಣೆಯಲ್ಲಿ ನಿಲ್ಲಿಸಿದ ಮನುಷ್ಯನನ್ನು ಈ ಕಥೆಗಳು ಅಡುಗೆಮನೆಗೆ, ಹಾಸಿಗೆಗೆ, ದೇವರ ಮುಂದೆ ತಂದು ನಿಲ್ಲಿಸಿದವು. ರಶ್ಮಿ ತೆರದಾಳ ಅವರ ಅನುವಾದದಲ್ಲಿ ಸಂಕಲನ ಇಂಗ್ಲಿಷಿಗೂ ಹೋಯಿತು.

ಅದೇ ಸೀಮೆಯ ಇನ್ನೊಂದು ಬದುಕು ಮಂಜಮ್ಮನವರದು. ಅರುಣ್ ಜೋಳದಕೂಡ್ಲಿಗಿ ನಿರೂಪಿಸಿದ ‘ನಡುವೆ ಸುಳಿವ ಹೆಣ್ಣು’ ಆ ಬದುಕಿನ ಪುಸ್ತಕ. ಹುಡುಗನಾಗಿ ಹುಟ್ಟಿದ ಅವರನ್ನು ಮನೆಯವರು ಹೊಸಪೇಟೆ ಹತ್ತಿರದ ಹುಲಿಗೆಮ್ಮ ದೇವಿಯ ಗುಡಿಗೆ ಕರೆದೊಯ್ದದ್ದು, ಅಲ್ಲಿ ಸೊಂಟದ ಉಡಿದಾರ ಕಿತ್ತು ಲಂಗ, ರವಿಕೆ, ಬಳೆ ಕೊಟ್ಟದ್ದು ಅವರೇ ಹಲವು ಸಲ ಹೇಳಿರುವ ಸಂಗತಿ. ಒಂದು ಉಡಿದಾರ ಹರಿದ ಕೂಡಲೇ ಮನೆಯ ಮಗ ಮನೆಗೆ ಇಲ್ಲವಾಗುತ್ತಾನೆ. ಅತ್ತ ದೇವಿಯ ಹೆಸರಿನಲ್ಲಿ ಒಂದು ಜಾಗ, ಒಂದು ಚೌಡಿಕೆಯ ಹಾಡು, ಒಬ್ಬ ಗುರು ಸಿಗುತ್ತಾರೆ. ಗುರು ಕಾಳವ್ವ ಜೋಗತಿಯಿಂದ ಕಲಿತ ಜೋಗತಿ ಕುಣಿತ ಅವರನ್ನು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷ ಸ್ಥಾನಕ್ಕೆ, 2021ರಲ್ಲಿ ಪದ್ಮಶ್ರೀಗೆ ತಲುಪಿಸಿತು.

ನನ್ನ ವಾದ ಇಷ್ಟು. ಬಳ್ಳಾರಿ ಸೀಮೆಯಲ್ಲಿ ಹೆಣ್ಣಿಗ ಹುಡುಗನಿಗೆ ಸಮಾಜ ಮೊದಲೇ ಒಂದು ಸ್ಥಾನ ಇಟ್ಟಿದೆ: ದೇವಿಗೆ ಮುಡಿಪಾಗಿ ಸೀರೆ ಉಡುವ ಜೋಗಪ್ಪ. ಅದು ಗೌರವವೂ ಹೌದು, ಹೊರಹಾಕುವ ಬಗೆಯೂ ಹೌದು. ಸೀರೆ ಉಡಲು ಒಲ್ಲದ, ದೇವರ ಹೆಸರೂ ಬೇಡದ, ಗಂಡಾಗಿಯೇ ಇನ್ನೊಬ್ಬ ಗಂಡನ್ನು ಬಯಸುವವನಿಗೆ ಅಲ್ಲಿ ಸ್ಥಾನವಿಲ್ಲ. ಎಲ್ಲರಿಗೂ ಕಣ್ಣಿಗೆ ಕಾಣುವ ಒಂದು ಸ್ಥಾನ ಇದ್ದಾಗಲೇ ‘ಅದು ನಾನಲ್ಲ’ ಎಂದು ಹೇಳಬೇಕಾದ ಒತ್ತಡ ಹುಟ್ಟುವುದು. ಮೋಹನಸ್ವಾಮಿ ಆ ಒತ್ತಡದ ಕೂಸು. ಅವನನ್ನು ಬೆಂಗಳೂರಿನ ಐಟಿ ಬದುಕಿನ ಫಲವೆಂದಷ್ಟೇ ಓದುವುದು ಅರ್ಧ ಓದು. ದಾದಾಪೀರರ ‘ನೀಲಕುರಿಂಜಿ’ ಕಥಾಸಂಕಲನಕ್ಕೆ 2022ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ ಬಂದಾಗ ಈ ಸಾಲಿಗೆ ಮುಂದಿನ ತಲೆಮಾರೂ ಸೇರಿತು.

ಗ್ರಂಥಾಲಯದಲ್ಲಿ ಈ ಪುಸ್ತಕಗಳನ್ನು ಹುಡುಕಲು ಹೋದವರಿಗೆ ಒಂದು ಎಚ್ಚರಿಕೆ. ಡ್ಯೂಯಿ ಪದ್ಧತಿ 306.766 ಎಂಬ ಅಂಕೆಯನ್ನು ಸಲಿಂಗಿಗಳ ಬದುಕಿಗೆ ಮೀಸಲಿಟ್ಟಿದೆ. ಆದರೆ ಅಂಕೆ ಹಿಡಿದು ಹೋದರೆ ಸಿಗುವುದು ಸಮಾಜಶಾಸ್ತ್ರ ಮಾತ್ರ. ‘ಮೋಹನಸ್ವಾಮಿ’ ಕಥೆಗಳ ಕಪಾಟಿನಲ್ಲಿ ಇರುವುದೇ ಪದ್ಧತಿಯ ನಿಯಮ; ಮಂಜಮ್ಮನವರ ಪುಸ್ತಕ ಆತ್ಮಕಥೆಗಳ ನಡುವೆ ಇರಬಹುದು. ಪಿಯುಸಿಎಲ್ ವರದಿಯಂಥ ತೆಳು ಪುಸ್ತಿಕೆಗಳು ಕಪಾಟು ಸೇರುವುದೇ ಅಪರೂಪ. ಯಾವ ಗ್ರಂಥಾಲಯದಲ್ಲೇ ಆಗಲಿ ವಿಷಯದ ಹೆಸರು ಹೇಳಿ ಕೇಳುವುದಕ್ಕಿಂತ ಲೇಖಕರ ಹೆಸರು ಹೇಳಿ ಕೇಳುವುದು ವಾಸಿ. ಕೇಳುವವರ ಮುಜುಗರವೂ ತಪ್ಪುತ್ತದೆ.

ಹೆಣ್ಣನ್ನು ಪ್ರೀತಿಸುವ ಹೆಣ್ಣಿನ ಪಾಲು ಈ ಚರಿತ್ರೆಯಲ್ಲಿ ತೀರಾ ಕಿರಿದು. ಮೋಹನಸ್ವಾಮಿಯಷ್ಟು ಹೆಸರಾದ ಅಂಥ ಹೆಣ್ಣು ಪಾತ್ರ ಕನ್ನಡದಲ್ಲಿಲ್ಲ. ಅಂಥವರ ಬದುಕು ಇರುವುದು ಇನ್ನೂ ವರದಿಯ ಪುಟಗಳಲ್ಲಿ. ಹೆಣ್ಣನ್ನು ಪ್ರೀತಿಸುವ ಹೆಣ್ಣುಗಳೂ ಹೆಣ್ಣಾಗಿ ಹುಟ್ಟಿ ಗಂಡಾಗಿ ಬದುಕುವವರೂ ಕೂಡಿದ ಬೆಂಗಳೂರಿನ ಲೆಸ್ಬಿಟ್ ಗುಂಪಿನವರು 2013ರಲ್ಲಿ, ಅಂದರೆ ‘ಮೋಹನಸ್ವಾಮಿ’ ಬಂದ ವರ್ಷವೇ, ‘ಟುವರ್ಡ್ಸ್ ಜೆಂಡರ್ ಇನ್‌ಕ್ಲೂಸಿವಿಟಿ’ ಎಂಬ ಅಧ್ಯಯನ ಹೊರತಂದರು. ಬರೆದವರು ಸುನಿಲ್ ಮೋಹನ್ ಮತ್ತು ಸಂಗೀತಗಾರ ರೂಮಿ ಹರೀಶ್. ರೂಮಿಯವರ ಹಿಂದಿನ ಹೆಸರೇ ಆ ಪುಸ್ತಕದ ಮೇಲಿದೆ. ಷಣ್ಮುಖ ಎಸ್. ಎಂಬುದನ್ನು ವಸುಧೇಂದ್ರರ ಕೆಳಗೆ ನಮೂದಿಸುವ ಗ್ರಂಥಸೂಚಿಕಾರರು ಈ ಪುಸ್ತಕವನ್ನೂ ರೂಮಿ ಹರೀಶ್ ಎಂಬ ಹೆಸರಿನ ಕೆಳಗೆ ತರಬೇಕು.